ಮೊದಲ ಸಲ ಆಡುವವರಿಗೆ

ಹಾಳೆಯ ಮೇಲೆ ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಕಿರುಬೆರಳಿನಿಂದ ಹೊಡೆಯಬೇಕಾದ ಅಕ್ಷರಗಳೂ ತೋರುಬೆರಳಿನ ಅಕ್ಷರಗಳಷ್ಟೇ ಕಪ್ಪಾಗಿ, ಅಷ್ಟೇ ಆಳವಾಗಿ ಇಳಿದಿದ್ದವು. ಹಾಳೆಯ ಹಿಂಬದಿಯನ್ನು ಸವರಿದರೆ ಅವುಗಳ ಉಬ್ಬು ಕೈಗೆ ಸಿಗುತ್ತಿತ್ತು. ಟೈಪ್‌ರೈಟರ್ ಕಲಿತವರಿಗೆ ಇದರ ಅರ್ಥ ಗೊತ್ತು. ಕಿರುಬೆರಳಿಗೆ ಬಲ ಕಡಿಮೆ. ಅದು ಹೊಡೆದ ಅಕ್ಷರ ಎಲ್ಲರ ಹಾಳೆಯಲ್ಲೂ ಸ್ವಲ್ಪ ಮಂಕಾಗಿಯೇ ಕಾಣುತ್ತದೆ. ಹಾಗೆ ಕಾಣದ ಒಂದೇ ಒಂದು ಕೈ ನನಗೆ ಗೊತ್ತಿತ್ತು.

ಕಳೆದ ಭಾನುವಾರ ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬಣ್ಣ ಹೊಡೆಸಲೆಂದು ಬೀರು ಖಾಲಿ ಮಾಡುತ್ತಿದ್ದೆವು. ನನ್ನ ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲಿನಲ್ಲಿ, ಟೈಪಿಂಗ್ ಸರ್ಟಿಫಿಕೇಟಿನ ಹಿಂದೆ, ನಾಲ್ಕು ಮಡಿಕೆಯಾಗಿ ಆ ಹಾಳೆ ಇತ್ತು. ಅದು ಅಲ್ಲಿರುವುದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ವರ್ಷಗಳಿಂದ ಗೊತ್ತಿತ್ತು. ಬಿಡಿಸಿ ನೋಡಿರಲಿಲ್ಲ, ಅಷ್ಟೆ. ಬಿಡಿಸಿದಾಗ ಮಡಿಕೆಗಳೊಳಗಿಂದ ಮಿಷನ್ ಎಣ್ಣೆಯ ವಾಸನೆ ಬಂದಂತಾಯಿತು... ಬಂದಿರಲಾರದು. ಅಷ್ಟು ವರ್ಷ ಕಾಗದದಲ್ಲಿ ಆ ವಾಸನೆ ನಿಲ್ಲುವುದಿಲ್ಲ ಎಂದು ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಗೊತ್ತಿರಬೇಕು. ಆದರೂ ಬಂತು.

ಹಾಳೆಯ ನೆತ್ತಿಯಲ್ಲಿ, ಸರಿಯಾಗಿ ನಡುವೆ, ಅಡಿಗೆರೆ ಎಳೆದ ಶೀರ್ಷಿಕೆ ಇತ್ತು: ಮೊದಲ ಸಲ ಆಡುವವರಿಗೆ. ಕೆಳಗೆ ಅಂಕಿ ಹಾಕಿದ ಹನ್ನೊಂದು ಸೂಚನೆಗಳು. ಮೊದಲನೆಯದನ್ನಷ್ಟೇ ಓದಿದೆ. ಆಮೇಲೆ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡೆ.

ನಾನು ಹತ್ತನೇ ತರಗತಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಅಪ್ಪನಿಗೆ ಕುಣಿಗಲ್ಲಿನಿಂದ ಗುಬ್ಬಿಗೆ ವರ್ಗವಾಯಿತು. ಹೊಸ ಊರಿನಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಸ್ವಭಾವವೂ ನನ್ನದಲ್ಲ. ಹದಿನೈದು ದಿನ ನೋಡಿ ಅಮ್ಮ, "ಮನೇಲಿ ಕೂತು ಗೋಡೆ ನೋಡೋ ಬದ್ಲು ಟೈಪಿಂಗಿಗಾದ್ರೂ ಹೋಗು" ಎಂದಳು. ಹಾಗಾಗಿ ಮಧ್ಯಾಹ್ನ ಎರಡರಿಂದ ಮೂರರ ಬ್ಯಾಚಿಗೆ ಸೇರಿದೆ. ಬಿಸಿಲಿಗೆ ಹೆದರಿ ಆ ಬ್ಯಾಚಿಗೆ ಬೇರೆ ಯಾರೂ ಬರುತ್ತಿರಲಿಲ್ಲ. ನಾನು ಅದನ್ನು ಆರಿಸಿಕೊಂಡದ್ದೂ ಅದಕ್ಕೇ.

ಇನ್‌ಸ್ಟಿಟ್ಯೂಟ್ ಇದ್ದದ್ದು ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಕೊಬ್ಬರಿಯ ವಾಸನೆ, ಹತ್ತಿದ ಮೇಲೆ ರಿಬ್ಬನ್ನಿನದು, ಎಣ್ಣೆಯದು. ಎಂಟು ಯಂತ್ರಗಳು, ಆರು ಇಂಗ್ಲಿಷಿನವು, ಎರಡು ಕನ್ನಡದವು. ಹಿಂದೆ ಒಂದು ಕೋಣೆ, ಅದರಲ್ಲೇ ಕಲಿಸುವವರ ವಾಸ. ಊರಿನವರೆಲ್ಲ ಅವರನ್ನು ಟೈಪಿಂಗ್ ಮೇಡಂ ಎನ್ನುತ್ತಿದ್ದರು. ನಲವತ್ತು ದಾಟಿದ್ದ, ಮದುವೆಯಾಗದ, ಎತ್ತರದ ಹೆಂಗಸು. ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮಾಂಸ ಮುಟ್ಟುವಷ್ಟು ಕತ್ತರಿಸಿದ ಉಗುರು. ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗಿರುತ್ತಿತ್ತು. ಕೈ ಯಂತ್ರದ ಮೇಲಿದ್ದಾಗಲೂ ಸಮಯ ಕಾಣಬೇಕಲ್ಲ ಎಂದು.

ಅವರ ಪಾಠಕ್ಕೆ ಎರಡು ನಿಯಮಗಳಿದ್ದವು. ಒಂದು, ಬೆರಳುಗಳ ಕಡೆ ನೋಡುವ ಹಾಗಿಲ್ಲ. ಎಡಗೈಯ ನಾಲ್ಕು ಬೆರಳು ಎ, ಎಸ್, ಡಿ, ಎಫ್ ಮೇಲೆ ಕೂರಬೇಕು. ಅದು ಅವುಗಳ ಮನೆ. ಎಲ್ಲಿಗೆ ಹೋದರೂ ಅಲ್ಲಿಗೇ ಮರಳಬೇಕು, ನೋಡದೆ. ಹೊಸಬರ ಕೈಗಳ ಮೇಲೆ ಅವರು ಒಂದು ಟವೆಲ್ ಹೊದಿಸುತ್ತಿದ್ದರು. "ಕಣ್ಣು ಹಾಳೆ ಮೇಲೆ, ಬೆರಳು ಮನೇಲಿ. ಕೆಳಗೆ ನೋಡಿದ್ಯೋ, ಇದೇ ಟವೆಲ್ ಕಣ್ಣಿಗೆ ಕಟ್ತೀನಿ ನೋಡು." ಎರಡನೆಯದು, ತಪ್ಪು ಹೊಡೆದರೆ ಅಳಿಸುವ ಹಾಗಿಲ್ಲ. ಪರೀಕ್ಷೆಯಲ್ಲಿ ಅಳಿಸಲು ಬಿಡುವುದಿಲ್ಲ, ಹಾಗಾಗಿ ಅಭ್ಯಾಸದಲ್ಲೂ ಇಲ್ಲ. "ಹೊಡ್ದಿದ್ದು ಹೊಡ್ದಂಗೆ ಇರ್ಲಿ. ಮುಂದಕ್ಕೆ ಹೋಗು."

ಒಂದು ಮೂಲೆಯಲ್ಲಿ ಪ್ಲೈವುಡ್ ಅಡ್ಡ ಹಾಕಿ ಮಾಡಿದ ಕಿಟಕಿಯಿಲ್ಲದ ಗೂಡಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಬಂದವರೆಲ್ಲ "ಕಂಪ್ಯೂಟರ್ ಕಲಿಸಲ್ವಾ" ಎಂದು ಕೇಳತೊಡಗಿದ ಮೇಲೆ ತುಮಕೂರಿನಲ್ಲಿ ಜೋಡಿಸಿ ತಂದಿದ್ದರು. ಗೂಡಿನ ಬಾಗಿಲು ಸದಾ ಮುಚ್ಚಿರುತ್ತಿತ್ತು.

ಸೇರಿದ ಎರಡನೇ ವಾರವೋ ಏನೋ, ಒಂದು ದಿನ ನಾನು ಬೇಗ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಮಧ್ಯೆ ಯಾರೋ ನರಳುವ ಸದ್ದು.

"ಯಾರದು?" ಎಂದರು ಮೇಡಂ, ತಿರುಗದೆ.

"ನಾನು ಮೇಡಂ. ಎರಡು ಗಂಟೆ ಬ್ಯಾಚು."

"ಎರಡಾಯ್ತಾ?"

"ಇನ್ನೂ ಇಪ್ಪತ್ತು ನಿಮಿಷ ಇದೆ."

"ಹಂಗಾದ್ರೆ ಸುಮ್ನೆ ಕೂತ್ಕೊ. ಮಾತಾಡಿಸ್ಬೇಡ. ಇವ್ನು ಗದೆ ಎತ್ತಿದಾನೆ."

ಕುಳಿತೆ. ಪರದೆಯ ಮೇಲೆ ಒಂದು ಪಾಳು ಕೋಟೆ, ಮಬ್ಬು ಬೆಳಕು, ಕೈಯಲ್ಲಿ ಕತ್ತಿ ಹಿಡಿದ ಬೆರಳುದ್ದದ ಹುಡುಗಿ. ಅವಳಿಗಿಂತ ಮೂರು ಪಟ್ಟು ದೊಡ್ಡವನೊಬ್ಬ ಗದೆ ಬೀಸಿದ. ಹುಡುಗಿ ಪಕ್ಕಕ್ಕೆ ಸರಿದಳು, ಎರಡು ಏಟು ಹಾಕಿದಳು, ಮತ್ತೆ ಸರಿದಳು. ಅವನು ಬಿದ್ದ ಮೇಲೆ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಇದನ್ನ ಯಾರಿಗೂ ಹೇಳ್ಬೇಡ್ವೇ. ಮೇಡಂ ಗೇಮ್ ಆಡ್ತಾಳೆ ಅಂತ ಗೊತ್ತಾದ್ರೆ ನಾಳೆಯಿಂದ ಒಂದು ಹೆಣ್ಮಗೂನೂ ಕಳ್ಸಲ್ಲ."

ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದೆ.

"ಅದು ನಿನ್ನ ನೋಡಿದ್ರೇ ಗೊತ್ತಾಗ್ತದೆ ಬಿಡು" ಎಂದು ನಕ್ಕರು.

ಆ ದಿನದಿಂದ ನಾನು ಒಂದೂವರೆಗೇ ಹೋಗತೊಡಗಿದೆ.

ಆಟವನ್ನು ಅವರು ಹುಡುಕಿಕೊಂಡು ಹೋದವರಲ್ಲ. ಕಂಪ್ಯೂಟರ್ ಜೋಡಿಸಿದವರು ಅದರೊಳಗೆ ಹಾಕಿಕೊಟ್ಟಿದ್ದ ಹತ್ತಾರು ಆಟಗಳಲ್ಲಿ ಅದೂ ಒಂದು. ಬೇರೆಯವನ್ನು ಒಂದೊಂದು ದಿನ ನೋಡಿ ಬಿಟ್ಟಿದ್ದರು. "ಬರೀ ಡಬ್ ಡಬ್ ಅಂತ ಹೊಡಿಯೋದು, ಅದ್ರಲ್ಲೇನಿದೆ?" ಇದರಲ್ಲಿ ಹುಡುಗಿ ಶುರುವಿನಲ್ಲಿ ಏನೂ ಬಾರದವಳು. ಮುರುಕು ಕತ್ತಿ, ಹರಿದ ಅಂಗಿ. ಹೊಡೆದಾಡಿದಷ್ಟೂ ಕಲಿಯುತ್ತಾಳೆ, ಕಲಿತಂತೆಲ್ಲ ಅಂಕ ಸಿಗುತ್ತದೆ, ಅದನ್ನು ಬಲಕ್ಕೆ ಹಾಕಬೇಕೋ ಚುರುಕಿಗೆ ಹಾಕಬೇಕೋ ಆಡುವವರೇ ತೀರ್ಮಾನಿಸಬೇಕು. ಮೇಲೆ ಒಂದು ಹಳ್ಳಿ, ಅದರ ಕೆಳಗೆ ನೆಲದೊಳಕ್ಕೆ ಇಳಿಯುವ ಏಳು ಅಂತಸ್ತಿನ ಕೋಟೆ. ಇಂಥವಕ್ಕೆ ಆ್ಯಕ್ಷನ್ ರೋಲ್ ಪ್ಲೇಯಿಂಗ್ ಆಟ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಮೇಡಂ ಅದನ್ನು "ಕೋರ್ಸು" ಎನ್ನುತ್ತಿದ್ದರು.

ಶುರುವಿನಲ್ಲಿ ಅದು ಹುಡುಗಿಯ ಹೆಸರು ಕೇಳಿತಂತೆ. ಇವರ ಕೈ ತಾನಾಗಿಯೇ ಮೊದಲ ಪಾಠ ಹೊಡೆಯಿತು: ಎ ಎಸ್ ಡಿ ಎಫ್. ಅದೇ ಹೆಸರಾಯಿತು. ಆಮೇಲೆ ಇನ್ನೊಂದು ಪ್ರಶ್ನೆ: ಇವಳು ಸತ್ತರೆ ಮತ್ತೆ ಬದುಕಿಸಬೇಕೋ, ಸತ್ತರೆ ಸತ್ತಂತೆಯೋ? ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅದನ್ನು ಎರಡು ಸಲ ಓದಿ, ಸತ್ತರೆ ಸತ್ತಂತೆ ಎಂಬುದಕ್ಕೆ ಗುರುತು ಹಾಕಿದ್ದರು.

"ಯಾಕೆ ಮೇಡಂ?" ಎಂದು ಕೇಳಿದ್ದೆ. ಅಂಥ ಪ್ರಶ್ನೆ ನಾನು ಯಾರನ್ನೂ ಕೇಳುವವಳಲ್ಲ.

"ಎಕ್ಸಾಮಲ್ಲಿ ರಬ್ಬರ್ ಕೊಡ್ತಾರೇನೆ?"

ಹಾಗಾಗಿ ಆ ಹುಡುಗಿ ಒಂದೇ ಜೀವದ ಮೇಲೆ ಐದು ತಿಂಗಳಿನಿಂದ ಬದುಕಿದ್ದಳು. ನಾನು ನೋಡತೊಡಗಿದಾಗ ನಾಲ್ಕನೇ ಅಂತಸ್ತು.

ಆಟದ ಎಲ್ಲ ಆಜ್ಞೆಗಳನ್ನೂ ಮೇಡಂ ಎಡಗೈಯ ಮನೆಗೇ ತಂದಿಟ್ಟುಕೊಂಡಿದ್ದರು. ಬಲಗೈಗೆ ಮೌಸ್, ಕತ್ತಿ ಅದರದು. ಎಡಗೈಯಲ್ಲಿ ಕಿರುಬೆರಳಿನ ಎ ಒತ್ತಿದರೆ ಹುಡುಗಿ ಕೆಂಪು ಬಾಟಲಿಯ ಔಷಧಿ ಕುಡಿಯುತ್ತಾಳೆ, ಗಾಯ ಮಾಯುತ್ತದೆ. ಎಸ್ ಒತ್ತಿದರೆ ಪಂಜು ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಡಿ ಒತ್ತಿದರೆ ಗುರಾಣಿ. ಎಫ್ ಒತ್ತಿದರೆ, ಎಲ್ಲಿದ್ದರೂ ಸರಿ, ಹಳ್ಳಿಗೆ ವಾಪಸು. ಜೀವ ಉಳಿಸುವ ಕೆಲಸವನ್ನು ಕಿರುಬೆರಳಿಗೇ ಯಾಕೆ ಕೊಟ್ಟಿರಿ ಎಂದರೆ, "ಅದಕ್ಕೇ ಕೆಲ್ಸ ಕೊಡ್ಬೇಕು ಕಣೇ. ಇಲ್ದಿದ್ರೆ ಸೋಮಾರಿ ಆಗ್ತದೆ" ಎಂದರು.

ಪಕ್ಕದಲ್ಲಿ ಕೂತು ನೋಡುತ್ತಲೇ ಎಷ್ಟೋ ಕಲಿತೆ. ಬಯಲಿಗೆ ನುಗ್ಗಬಾರದು, ಬಾಗಿಲಲ್ಲಿ ನಿಲ್ಲಬೇಕು. "ಮದ್ವೆ ಮನೆ ಊಟದ ಹಾಲ್ ನೋಡಿಲ್ವಾ? ಹೊರಗೆ ನೂರು ಜನ ಇದ್ರೂ ಬಾಗ್ಲಲ್ಲಿ ತೂರಕ್ಕಾಗೋದು ಒಬ್ಬೊಬ್ರೇ." ಎದುರಿನವನ ಆಯುಧ ನೋಡಬಾರದು, ಭುಜ ನೋಡಬೇಕು, ಏಟು ಮೊದಲು ಭುಜಕ್ಕೆ ಬರುತ್ತದೆ. ಹಳ್ಳಿಯಲ್ಲಿ ಎಲ್ಲರನ್ನೂ ಎರಡೆರಡು ಸಲ ಮಾತಾಡಿಸಬೇಕು. "ಮೊದಲ್ನೇ ಸಲ ಉಪಚಾರಕ್ಕೆ ಮಾತಾಡ್ತಾರೆ. ನಿಜ ಹೇಳೋದು ಎರಡ್ನೇ ಸಲ." ಅಂಕಗಳನ್ನು ಎಲ್ಲದಕ್ಕೂ ಒಂದೊಂದು ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. ಇದನ್ನೆಲ್ಲ ಅವರು ಪರದೆಯಿಂದ ಕಣ್ಣು ತೆಗೆಯದೆ, ಶೀಘ್ರಲಿಪಿ ಹೇಳಿಕೊಡುವ ದನಿಯಲ್ಲಿ ಹೇಳುತ್ತಿದ್ದರು. ಸರಿಯಾಗಿ ಎರಡಕ್ಕೆ ಹುಡುಗಿಯನ್ನು ಹಳ್ಳಿಯ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಕಂಪ್ಯೂಟರ್ ಆರಿಸಿ, ನನ್ನ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು.

ಒಂದು ಸಲ ಕೆಳಗಿನ ಮಂಡಿಯ ಯಜಮಾನರು ಮೆಟ್ಟಿಲ ಅರ್ಧಕ್ಕೆ ಬಂದು ಕೂಗಿದರು. "ಏನ್ ಮೇಡಮ್ಮಾರೇ, ಮಧ್ಯಾಹ್ನ ಆದ್ರೆ ಮೇಲ್ಗಡೆಯಿಂದ ಕತ್ತಿ ಮಸ್ದಂಗೆ ಸದ್ದು ಬತ್ತದಲ್ಲ?"

"ಕಂಪ್ಯೂಟರ್ ಕ್ಲಾಸು ಕಣಣ್ಣ."

"ಕಂಪ್ಯೂಟ್ರು ಹಿಂಗೆ ಕಿರುಚ್ತದಾ?"

"ಹೊಸದಲ್ವಾ. ಪಳಗೋವರ್ಗೂ ಕಿರುಚ್ತದೆ."

"ಹಂಗಾದ್ರೆ ಸರಿ ಬುಡಿ" ಎಂದು ಅವರು ಇಳಿದು ಹೋದರು. ಮೇಡಂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಗುತ್ತಿದ್ದೆವು.

ಮೇ ಕೊನೆಯ ಹೊತ್ತಿಗೆ ಹುಡುಗಿ ಏಳನೇ ಅಂತಸ್ತಿನ ಕೊನೆಯ ಬಾಗಿಲಿಗೆ ಬಂದು ನಿಂತಳು. ಅದರಾಚೆ ಯಾರಿದ್ದಾರೆ ಎಂಬುದಷ್ಟೇ ಬಾಕಿ. ಮೇಡಂ ತೆರೆಯಲಿಲ್ಲ. ಚೀಲದಲ್ಲಿ ಎರಡೇ ಬಾಟಲಿ ಉಳಿದಿದ್ದವು. ಎಫ್ ಒತ್ತಿ ಹಳ್ಳಿಗೆ ಕರೆದುಕೊಂಡು ಬಂದರು.

"ಟೈಪಿಂಗ್ ಸೀನಿಯರ್ ಪಾಸ್ ಮಾಡಿದ್ಮೇಲೆ ನಾನು ಯಾವ್ದನ್ನೂ ಪೂರ್ತಿ ಮುಗ್ಸಿಲ್ಲ ಕಣೇ" ಎಂದರು. "ಬಿ.ಎ ಅರ್ಧಕ್ಕೆ ನಿಲ್ತು. ಸ್ವೆಟರ್ ಒಂದು ತೋಳು ಹಾಕಿ ಹಂಗೇ ಇದೆ. ಇದೊಂದು ಮುಗಿಸ್ಬೇಕು. ಆ ಬಾಗ್ಲ ಹಿಂದೆ ಏನಿದೆ ಅಂತ ಒಂದ್ಸಲ ನೋಡ್ಬೇಕು, ಅಷ್ಟೇ."

ಮಾರನೆಯ ದಿನವೇ ಮಂಡಿಯ ಫೋನಿಗೆ ಕುಣಿಗಲ್ಲಿನಿಂದ ಕರೆ ಬಂತು. ಅಣ್ಣನ ಮನೆಯಲ್ಲಿದ್ದ ಅವರ ತಾಯಿ ಬಚ್ಚಲಲ್ಲಿ ಬಿದ್ದಿದ್ದರು, ಎಡಭಾಗ ಅಲ್ಲಾಡುತ್ತಿರಲಿಲ್ಲ. ಮೇಡಂ ಹತ್ತು ನಿಮಿಷದಲ್ಲಿ ಚೀಲ ತುಂಬಿಕೊಂಡರು. ಬೀಗದ ಕೈ ನನ್ನ ಕೈಗಿಟ್ಟು, ಯಂತ್ರಗಳಿಗೆ ಎಣ್ಣೆ ಹಾಕಲು, ಸಂಜೆ ಬ್ಯಾಚಿನ ಮಕ್ಕಳು ಬಂದರೆ ಪಾಠದ ಹಾಳೆ ಕೊಡಲು ಹೇಳಿದರು. ಮೆಟ್ಟಿಲು ಇಳಿದವರು ತಿರುಗಿ ನೋಡಿದರು.

"ಬೇಕಾದ್ರೆ ನೀನೂ ಹೊಸದು ಒಂದು ಶುರು ಮಾಡ್ಕೊ. ಅವಳನ್ನ ಮಾತ್ರ ಮುಟ್ಬೇಡ."

ನಾನು ಶುರು ಮಾಡಿದೆ. ನನ್ನ ಹುಡುಗಿ ಮೊದಲ ದಿನ ಎರಡು ಸಲ ಸತ್ತಳು, ಮರುದಿನ ಮೂರು ಸಲ. ನಾನು ಮತ್ತೆ ಬದುಕಿಸುವ ಗುರುತು ಹಾಕಿದ್ದೆ, ಹಾಗಾಗಿ ಏನೂ ಅನ್ನಿಸಲಿಲ್ಲ. ಎರಡನೇ ಅಂತಸ್ತು ದಾಟಲಾಗಲಿಲ್ಲ. ನೋಡಿ ಕಲಿತದ್ದಕ್ಕೂ ಬೆರಳು ಕಲಿಯುವುದಕ್ಕೂ ಇರುವ ದೂರ ಆಗ ತಿಳಿಯಿತು.

ಏಳನೇ ದಿನಕ್ಕೂ ಮೇಡಂ ಬರಲಿಲ್ಲ. ನನಗೆ ಒಂದು ಯೋಚನೆ ಬಂತು. ಅವರು ಬಂದಾಗ ದಣಿದಿರುತ್ತಾರೆ. ಅವರ ಹುಡುಗಿಯ ಚೀಲದಲ್ಲಿ ಎರಡೇ ಬಾಟಲಿ. ನಾನು ಅವಳನ್ನು ಐದನೇ ಅಂತಸ್ತಿಗೆ ಕರೆದುಕೊಂಡು ಹೋಗಿ, ಅವಳಿಗೆ ಸುಲಭವಾದ ಆ ಜಾಗದಲ್ಲಿ ಬಾಟಲಿ ಕೂಡಿಸಿ, ಮತ್ತೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿಬಿಟ್ಟರೆ... ಚೀಲ ತೆರೆದು ನೋಡಿದಾಗ ಅವರ ಮುಖ ಹೇಗಾಗಬಹುದೆಂದು ಊಹಿಸಿಕೊಂಡೆ. ಆಸೆ ಅಷ್ಟೇ ಇತ್ತು. ಅದನ್ನು ಇವತ್ತೂ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ, ಬೇರೆ ಏನನ್ನೂ ಅಲ್ಲ.

ಚೆನ್ನಾಗಿಯೇ ನಡೆಯಿತು. ಬಾಗಿಲಲ್ಲಿ ನಿಂತೆ, ಭುಜ ನೋಡಿದೆ. ಎರಡಿದ್ದ ಬಾಟಲಿ ಹದಿನಾಲ್ಕಾದವು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಹತ್ತು ನಿಮಿಷ ಬ್ಯಾಟರಿಯಲ್ಲಿ ನಡೆಯುತ್ತದೆ, ಅಷ್ಟು ಹೊತ್ತೂ ಕೀಂಕೀಂ ಎನ್ನುತ್ತಿರುತ್ತದೆ. ಗೂಡಿನಲ್ಲಿ ಪರದೆಯ ಬೆಳಕು ಬಿಟ್ಟು ಬೇರೇನೂ ಇರಲಿಲ್ಲ. ಹುಡುಗಿಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ಎದ್ದು ಬಾಗಿಲು ತೆರೆಯಲು ಹೋದೆ. ಬಂದು ಕೂರುವಷ್ಟರಲ್ಲಿ ನಾಲ್ಕು ಜನ ಅವಳನ್ನು ಸುತ್ತಿಕೊಂಡಿದ್ದರು.

ಎಡಗೈ ಇಟ್ಟೆ. ಕಿರುಬೆರಳು ಒತ್ತಿದೆ. ಅವಳು ಬಾಟಲಿ ಎತ್ತಲಿಲ್ಲ, ಪಂಜು ಹತ್ತಿಕೊಂಡಿತು. ಮತ್ತೆ ಒತ್ತಿದೆ. ಪಂಜು ಆರಿತು. ಹಳ್ಳಿಗೆ ಮರಳಲೆಂದು ತೋರುಬೆರಳು ಒತ್ತಿದೆ. ಏನೂ ಆಗಲಿಲ್ಲ. ಯುಪಿಎಸ್ ಕೂಗುತ್ತಿತ್ತು. ನಾನು ಒತ್ತುತ್ತಲೇ ಇದ್ದೆ. ಪಂಜು ಹತ್ತುತ್ತಿತ್ತು, ಆರುತ್ತಿತ್ತು, ಹತ್ತುತ್ತಿತ್ತು... ತಲೆ ತಗ್ಗಿಸಿ ಒಮ್ಮೆ ನೋಡಿದ್ದರೆ ಮುಗಿಯುತ್ತಿತ್ತು. ನೋಡಬಹುದೆಂಬ ಯೋಚನೆಯೇ ಬರಲಿಲ್ಲ. ಎಫ್ ಮೇಲೆ ಬೆರಳಿಗೆ ಸಿಗುವ ಒಂದು ಸಣ್ಣ ಗೆರೆ ಇರುತ್ತದೆ, ಅದನ್ನು ತಡವಿದ್ದರೂ ಸಾಕಿತ್ತು. ನಾನು ಕಲಿತ ಟೈಪ್‌ರೈಟರಿನಲ್ಲಿ ಅಂಥ ಗೆರೆ ಇರಲಿಲ್ಲ.

ಹುಡುಗಿ ಮಂಡಿಯೂರಿ ಕೂತಳು, ಆಮೇಲೆ ಮಲಗಿದಳು. ಪರದೆ ಕಪ್ಪಾಗಿ ನಾಲ್ಕು ಸಾಲು ಬಂತು: ಅವಳ ಹೆಸರು, ಐದನೇ ಅಂತಸ್ತು, ಅವಳು ಬದುಕಿದ್ದ ಗಂಟೆಗಳು, ಚೀಲದಲ್ಲಿ ಉಳಿದ ಬಾಟಲಿ ಹದಿನಾಲ್ಕು. ಆಗ ಕೆಳಗೆ ನೋಡಿದೆ. ನನ್ನ ನಾಲ್ಕು ಬೆರಳುಗಳು ಎಸ್, ಡಿ, ಎಫ್, ಜಿ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಒಂದೇ ಒಂದು ಮನೆ ಬಲಕ್ಕೆ.

ಎರಡು ದಿನ ಬಿಟ್ಟು ಮೇಡಂ ಬಂದರು. ಕಣ್ಣ ಕೆಳಗೆ ಕಪ್ಪಾಗಿತ್ತು. ತಾಯಿಯ ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಮೇಲೇಳುವುದು ಕಷ್ಟ ಎಂದರು. ಚೀಲ ಕೆಳಗಿಟ್ಟು, ಮುಖ ತೊಳೆದು, ನೇರವಾಗಿ ಗೂಡಿಗೆ ಹೋಗಿ ಕುಳಿತರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೆಸರುಗಳ ಪಟ್ಟಿಯಲ್ಲಿ ನನ್ನದೊಂದೇ ಇತ್ತು.

"ಎಲ್ಲೇ ಅವ್ಳು?"

"ಕರೆಂಟ್ ಹೋಯ್ತು ಮೇಡಂ" ಎಂದೆ. "ನಾನು ನಂದು ಆಡ್ತಾ ಇದ್ದೆ. ಯುಪಿಎಸ್ಸೂ ಆಫ್ ಆಯ್ತು. ಆಮೇಲೆ ಹಾಕಿದ್ರೆ... ಅವಳ ಹೆಸರೇ ಇರ್ಲಿಲ್ಲ."

ನಾನು ಅಷ್ಟು ಉದ್ದ ಮಾತಾಡಿದ್ದನ್ನು ಅವರು ಮೊದಲು ಕೇಳಿರಲಿಲ್ಲ.

"ಹೂಂ" ಎಂದರು. "ಕರೆಂಟಿಗೆ ಯಾರೇನ್ ಮಾಡಕ್ಕಾಗ್ತದೆ."

"ಹೊಸದು ಶುರು ಮಾಡ್ತೀರಾ ಮೇಡಂ?"

"ಮಾಡ್ಬೋದು. ಆದ್ರೆ ಮೊದಲ್ನೇ ಸಲ ಅನ್ನೋದು ಎರಡ್ನೇ ಸಲ ಬರಲ್ವಲ್ಲೇ." ಎದ್ದರು. "ನಡಿ, ಎರಡಾಯ್ತು. ಸ್ಪೀಡ್ ನೋಡಣ ನಿಂದು."

ಮಾರನೆಯ ದಿನದಿಂದ ಅವರು ನನ್ನ ಕೈಗಳ ಮೇಲೆ ಟವೆಲ್ ಹೊದಿಸಲಿಲ್ಲ. ಸಂಜೆ ಬ್ಯಾಚಿನವರಿಗೆ ಹೊದಿಸುತ್ತಿದ್ದರು, ನನಗಿಲ್ಲ. ನನ್ನ ಮೇಲೆ ಅವರಿಗೆ ಆಸಕ್ತಿ ಹೋಯಿತೆಂದು ತಿಳಿದೆ. ಒಂದೂವರೆಗೆ ಹೋಗುವುದನ್ನು ಬಿಟ್ಟೆ; ಎರಡಕ್ಕೆ ಹೋಗಿ ಮೂರಕ್ಕೆ ಬರತೊಡಗಿದೆ. ಗೂಡಿನಿಂದ ಕತ್ತಿಯ ಸದ್ದು ಮತ್ತೆ ಕೇಳಲಿಲ್ಲ. ಮಂಡಿಯ ಯಜಮಾನರು ಒಂದು ದಿನ, "ಏನ್ ಮೇಡಮ್ಮಾರೇ, ಕಂಪ್ಯೂಟ್ರು ಪಳಗ್ತೇನೋ?" ಎಂದು ಕೇಳಿದ್ದು ನೆನಪಿದೆ. ಮೇಡಂ, "ಹೂಂ ಕಣಣ್ಣ, ಪಳಗ್ತು" ಎಂದರು.

ನನ್ನ ಟೈಪಿಂಗ್ ಜೂನಿಯರ್ ಪರೀಕ್ಷೆ ಮುಗಿದ ವಾರ ಅವರು ಇನ್‌ಸ್ಟಿಟ್ಯೂಟ್ ಮುಚ್ಚಿದರು. ತಾಯಿಯನ್ನು ನೋಡಿಕೊಳ್ಳಲು ಕುಣಿಗಲ್ಲಿಗೇ ಹೋಗಬೇಕಿತ್ತು. ಯಂತ್ರಗಳನ್ನು ಇಳಿಸುವ ದಿನ ನನ್ನನ್ನು ಕರೆದು, ನಾಲ್ಕು ಮಡಿಕೆಯ ಹಾಳೆಯೊಂದನ್ನು ಕೈಗಿತ್ತರು.

"ನಿಂಗೇ ಅಂತ ಹೊಡ್ದಿದೀನಿ. ಮುಂದೆ ಯಾವಾಗಾದ್ರೂ ಸರಿಯಾಗಿ ಕೂತು ಆಡು. ಪೂರ್ತಿ ಓದು, ಗೊತ್ತಾಯ್ತಾ? ಕೊನೇವರ್ಗೂ."

ತಲೆಯಾಡಿಸಿದೆ. ಓದಲಿಲ್ಲ. ಅವರ ಹುಡುಗಿಯನ್ನು ಕೊಂದು, ಅದೇ ಆಟದ ಉಪಾಯಗಳನ್ನು ಅವರಿಂದಲೇ ಹೇಳಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಸರ್ಟಿಫಿಕೇಟ್ ಬಂದಾಗ ಅದರ ಹಿಂದೆ ಸೇರಿಸಿಟ್ಟೆ.

ಎಂ.ಎಸ್ಸಿಗೆ ಮೈಸೂರಿಗೆ ಹೋಗಿ ಬರುವಾಗ ತುಮಕೂರಿನ ಬಸ್ಸು ಕುಣಿಗಲ್ಲಿನಲ್ಲಿ ನಿಲ್ಲುತ್ತಿತ್ತು. ಒಂದು ಸಲ ಕಿಟಕಿಯಿಂದ ಅವರನ್ನು ಕಂಡೆ. ಔಷಧಿ ಅಂಗಡಿಯ ಮುಂದೆ ನಿಂತು, ಮಾತ್ರೆಯ ಪಟ್ಟಿಗಳನ್ನು ಚೀಟಿಯ ಜೊತೆ ತಾಳೆ ನೋಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಡಿಯಾರ ಮಣಿಕಟ್ಟಿನ ಒಳಬದಿಗೇ ಇತ್ತು. ಬಸ್ಸು ಹತ್ತು ನಿಮಿಷ ನಿಂತಿತ್ತು. ಇಳಿಯಲು ಅಷ್ಟು ಸಾಕು. ನಾನು ಮಡಿಲಲ್ಲಿದ್ದ ಪುಸ್ತಕದ ಒಂದೇ ಪುಟವನ್ನು ಹತ್ತು ನಿಮಿಷ ಓದಿದೆ...

ಹೋದ ವರ್ಷ ಅಪ್ಪ ಗುಬ್ಬಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದರು. ಊಟಕ್ಕೆ ಕೂತಾಗ, "ನಿಮ್ಮ ಟೈಪಿಂಗ್ ಮೇಡಂ ಹೋಗ್ಬಿಟ್ರಂತೆ ಕಣಮ್ಮ, ಕುಣಿಗಲ್ಲಲ್ಲಿ. ಮಂಡಿಯವ್ರು ಹೇಳಿದ್ರು. ಜ್ವರ ಅಂತ ಶುರುವಾಯ್ತಂತೆ. ಪಾಪ, ಆ ತಾಯಿ ಇನ್ನೂ ಇದಾರಂತೆ" ಎಂದರು. ನಾನು "ಹೌದಾ" ಎಂದೆ. ಅಪ್ಪನಿಗೆ ಸಾರು ಬಡಿಸಿದೆ.

ಭಾನುವಾರ ಆ ಹಾಳೆಯನ್ನು, ಅವರು ಹೇಳಿದಂತೆ, ಕೊನೆಯವರೆಗೂ ಓದಿದೆ.

ಒಂದು: ಅವಸರ ಬೇಡ. ಮೊದಲ ಅಂತಸ್ತಿನಲ್ಲಿ ಸಾಕಷ್ಟು ದಿನ ಇರುವುದು. ಎರಡು: ಒಂದೇ ಆಯುಧ ಹಿಡಿದು ಅದನ್ನೇ ಕಲಿಯುವುದು. ನಾಲ್ಕು: ಸಿಕ್ಕ ಅಂಕಗಳನ್ನು ಅದೇ ದಿನ ಹಂಚಬಾರದು, ಒಂದು ರಾತ್ರಿ ಯೋಚಿಸುವುದು. ಆರು: ತುಕ್ಕು ಹಿಡಿದ ಉಂಗುರವನ್ನು ಯಾರು ಕೇಳಿದರೂ ಕೊಡಬಾರದು, ಬಾವಿಕಟ್ಟೆಯ ಮುದುಕಿಗೆ ಮಾತ್ರ ತೋರಿಸುವುದು. ಒಂಬತ್ತು: ಇಳಿಯುವಾಗ ಎಷ್ಟು ಬಾಟಲಿ ಬೇಕೋ, ಕೊನೆಯ ಬಾಗಿಲಿಗೂ ಅಷ್ಟೇ ಬೇಕೆಂದು ತಿಳಿಯುವುದು. ಹತ್ತು: ಸತ್ತರೆ ಸತ್ತಂತೆ ಎಂಬುದಕ್ಕೆ ಗುರುತು ಹಾಕಬೇಕಾಗಿಲ್ಲ. ಇದು ಪರೀಕ್ಷೆಯಲ್ಲ.

ಹನ್ನೊಂದನೆಯದರ ಮೊದಲು ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು.

ಹನ್ನೊಂದು: ಸತ್ತವರ ಹೆಸರು, ಉಳಿದ ಬಾಟಲಿಗಳ ಲೆಕ್ಕದ ಒಂದು ಪಟ್ಟಿಯನ್ನು ಆಟವೇ ಇಟ್ಟುಕೊಂಡಿರುತ್ತದೆ. ಚೀಲದಲ್ಲಿ ಹದಿನಾಲ್ಕು ಬಾಟಲಿ ಇದ್ದವರು ಹೆದರಿ ಸಾಯುವುದಿಲ್ಲ, ಬೆರಳು ಮನೆ ತಪ್ಪಿದರೆ ಮಾತ್ರ ಸಾಯುತ್ತಾರೆ. ಕತ್ತಲೆಯಲ್ಲಿ ಎದ್ದು ಬಂದು ಕೂತಾಗ ಒಮ್ಮೆ ತಲೆ ತಗ್ಗಿಸಿ ನೋಡಿಕೊಳ್ಳಬಹುದು. ಅದು ತಪ್ಪಲ್ಲ. ನೋಡಬಾರದೆಂದು ಕಲಿಸಿದವರ ತಪ್ಪು. ಎರಡಿದ್ದದ್ದನ್ನು ಹದಿನಾಲ್ಕು ಮಾಡಿದ್ದಕ್ಕೆ ಸಂತೋಷ.

ಆ ಕೊನೆಯ ಪದವೂ ಮಸುಕಾಗಿರಲಿಲ್ಲ.

ಅಮ್ಮ ಒಳಗಿನಿಂದ, "ಆಯ್ತೇನೇ ಬೀರು?" ಎಂದು ಕೇಳಿದಳು. ಆಯ್ತು ಎಂದೆ. ಹಾಳೆಯನ್ನು ಮತ್ತೆ ಮಡಿಸಲಿಲ್ಲ. ಮಡಿಕೆಗಳ ಮೇಲೆ ಕೈಯಾಡಿಸಿ, ಒಂದು ದಪ್ಪ ಪುಸ್ತಕದ ನಡುವೆ ಚಪ್ಪಟೆಯಾಗಿ ಇಟ್ಟೆ. ಅವರು ಆ ಬಾಗಿಲ ಹಿಂದೆ ಏನಿತ್ತೆಂದು ನೋಡಲೇ ಇಲ್ಲ. ನಾನೂ ನೋಡಿಲ್ಲ. ಆ ಆಟ ಈಗ ಎಲ್ಲಿ ಸಿಗುತ್ತದೋ ಗೊತ್ತಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾಲೇಜಿಗೆ ಎಲ್ಲರಿಗಿಂತ ಮುಂಚೆ ಹೋದೆ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವುದಿತ್ತು. ಕಂಪ್ಯೂಟರಿನ ಮುಂದೆ ಕುಳಿತು ಎರಡೂ ಕೈಗಳನ್ನು ಕೀಲಿಗಳ ಮೇಲಿಟ್ಟೆ. ಆಮೇಲೆ ತಲೆ ತಗ್ಗಿಸಿ ನೋಡಿದೆ. ಬೆರಳುಗಳು ಮನೆಯಲ್ಲೇ ಇದ್ದವು. ಆದರೂ ಇನ್ನೊಂದು ಸಲ ನೋಡಿ, ಶುರು ಮಾಡಿದೆ.